ಹೊಸಬನ ಕೈ ಹಿಡಿಯುವ ರೂಢಿಗಳು

(ಗದಗ-ಬೆಟಗೇರಿಯ ವಿದ್ಯಾರ್ಥಿ-ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಬಂದು ಇಲ್ಲಿನ ವಸತಿನಿಲಯ ಸೇರುವ ಹುಡುಗನಿಗೆ ಮೊದಲ ವಾರ ಎಲ್ಲವೂ ಪರಕೀಯ. ಪಾಠ ಪುಸ್ತಕಗಳು ಅವನನ್ನು ವಿದ್ಯಾರ್ಥಿಯನ್ನಾಗಿಸಬಲ್ಲವು. ಆದರೆ ‘ಇದು ನನ್ನದು’ ಎಂಬ ಭಾವವನ್ನು ಹುಟ್ಟಿಸುವುದು ಹೊರಗಿನವರಿಗೆ ವಿಚಿತ್ರವೆನಿಸುವ ಸಣ್ಣ ರೂಢಿಗಳು. ಮದ್ರಸದಲ್ಲಿಯೂ ಕಲಾ ಕಾಲೇಜಿನಲ್ಲಿಯೂ ಕಲಿತ ನಾವು ಇದನ್ನು ಎರಡೂ ಕಡೆ ಕಂಡಿದ್ದೇವೆ.

ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿರಿ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಅಂಧ ಹಾಗೂ ಬಡ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತಗಳನ್ನು ನೀಡಿದರು. ಸ್ವತಃ ಅವರಿಗೆ ಹಿಂದೂಸ್ತಾನಿ ಸಂಗೀತ ಕಲಿಸಿದವರಲ್ಲಿ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರೂ ಒಬ್ಬರು. ಅವರ ಅಂಧ ಶಿಷ್ಯ ಪುಟ್ಟರಾಜರು (1914–2010) ಗುರುವಿನ ‘ಗವಾಯಿ’ ಪದವನ್ನೇ ಹೆಸರಿಗೆ ಧರಿಸಿ ಆಶ್ರಮವನ್ನು ಮುನ್ನಡೆಸಿದರು. ಜನರಿಗೆ ಅವರು ‘ಅಜ್ಜ’. ಮನೆ ಬಿಟ್ಟು ಬಂದ ಮಗುವಿಗೆ ಗುರುವಿನಲ್ಲಿಯೇ ಅಜ್ಜ ದೊರೆತರೆ ಅದು ಅರ್ಧ ಮನೆ ಸೇರಿದಂತೆ. ಲಕ್ನೋದ ನದ್ವಾದಲ್ಲಿ ಕಲಿತವರು ‘ನದ್ವಿ’ ಎಂದೂ ದೇವಬಂದಿನಲ್ಲಿ ಕಲಿತವರು ‘ಕಾಸಿಮಿ’ ಎಂದೂ ಕರೆದುಕೊಳ್ಳುವುದರ ಹಿಂದೆಯೂ ಇದೇ ಆಪ್ತತೆಯಿದೆ.

1875ರಲ್ಲಿ ಸರ್ ಸಯ್ಯದ್ ಅಹ್ಮದ್ ಖಾನರು ಬೀಜ ಬಿತ್ತಿದ ಅಲಿಘರ್, 1920ರಲ್ಲಿ ವಿಶ್ವವಿದ್ಯಾಲಯವಾಯಿತು. ಅಲ್ಲಿ ಹಿರಿಯ ಕಿರಿಯರು ಕೂಡಿ ಚಹಾ ಕುಡಿದರೆ ಹಣ ತೆರುವವನು ಹಿರಿಯನೇ. ಆ ಋಣವನ್ನು ಅವನಿಗೆ ಮರಳಿಸುವಂತಿಲ್ಲ. ಮುಂದೆ ಬರುವ ಕಿರಿಯನಿಗೆ ಸಲ್ಲಿಸಬೇಕು. ಅಕ್ಟೋಬರ್ 17ರ ಸರ್ ಸಯ್ಯದ್ ದಿನದ ಭೋಜನವನ್ನು ಅಲ್ಲಿಯ ಹಳೆಯ ವಿದ್ಯಾರ್ಥಿಗಳು ಪರದೇಶಗಳಲ್ಲಿಯೂ ಏರ್ಪಡಿಸುತ್ತಾರೆ.

ಆದರೆ ಮಿತ್ರರೇ, ರೂಢಿಗೆ ಇನ್ನೊಂದು ಮುಖವೂ ಇದೆ. ‘ಪರಿಚಯ’ದ ಹೆಸರಿನಲ್ಲಿ ಹೊಸಬನನ್ನು ಕುಣಿಸಿ, ಅವಮಾನಿಸಿ, ‘ಇದು ನಮ್ಮ ಪರಂಪರೆ’ ಎನ್ನುವವರಿದ್ದಾರೆ. ಈ ರ‍್ಯಾಗಿಂಗಿನಿಂದ ಜೀವಗಳೇ ಹೋದವು. 2009ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಅದರ ವಿರುದ್ಧ ಕಠಿಣ ನಿಯಮಗಳನ್ನು ತರಬೇಕಾಯಿತು. ‘ನಾವೂ ಅನುಭವಿಸಿದ್ದೇವೆ, ಅವರೂ ಅನುಭವಿಸಲಿ’ ಎಂಬುದು ಪರಂಪರೆಯಲ್ಲ, ಸೇಡು; ಅದೂ ತಪ್ಪು ಮಾಡದವನ ಮೇಲೆ.

ಎರಡನ್ನೂ ಬೇರ್ಪಡಿಸುವ ಒರೆಗಲ್ಲು ಸರಳವಾಗಿದೆ: ರೂಢಿಯ ಭಾರವನ್ನು ಹೊರುವವರು ಯಾರು? ಹಿರಿಯನು ಹೊತ್ತರೆ ಅದು ಆತಿಥ್ಯ. ಹೊಸಬನ ಮೇಲೆ ಹೇರಿದರೆ ದಬ್ಬಾಳಿಕೆ.

ಆದ್ದರಿಂದ ನಮ್ಮ ವಸತಿನಿಲಯಗಳಲ್ಲಿ ಹೊಸ ರೂಢಿಗಳನ್ನು ಕಟ್ಟೋಣ. ಬಸ್ ನಿಲ್ದಾಣದಿಂದ ಹೊಸಬನ ಟ್ರಂಕನ್ನು ಹಿರಿಯನೊಬ್ಬನು ಹೊತ್ತು ತರಲಿ. ಮೊದಲ ರಾತ್ರಿ ಅವನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಉಣ್ಣಲಿ. ಪಾಲಕರಲ್ಲಿ ನಮ್ಮದೊಂದು ವಿನಂತಿ: ಮೊದಲ ವರ್ಷ ಮಗನನ್ನು ‘ನಿನ್ನನ್ನು ಹೇಗೆ ನಡೆಸಿಕೊಂಡರು?’ ಎಂದು ಕೇಳಿರಿ. ಎರಡನೆಯ ವರ್ಷ ‘ನೀನು ಹೊಸಬರನ್ನು ಹೇಗೆ ನಡೆಸಿಕೊಂಡೆ?’ ಎಂದು ಕೇಳಲು ಮರೆಯದಿರಿ.