ಬೀದಿಯಲ್ಲಿ ಓಡುವ ರೈಲು



ನಮ್ಮ ಅಫಜಲಪುರ ಸೀಮೆಯವರಿಗೆ ಗಾಣಗಾಪುರ ರೋಡ್ ರೈಲು ನಿಲ್ದಾಣವೆಂದರೆ ಮುಂಬಯಿಯ ಬಾಗಿಲು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿಕೊಂಡವು. ಅಂದಿನಿಂದ, ಬರ ಬಿದ್ದ ವರ್ಷ ರೊಟ್ಟಿಯ ಗಂಟು ಕಟ್ಟಿಕೊಂಡು ಆ ಬಾಗಿಲನ್ನು ದಾಟಿದವರಿಗೆ ಲೆಕ್ಕವಿಲ್ಲ. ನಮ್ಮ ಅಜ್ಜನೂ ಅವರಲ್ಲಿ ಒಬ್ಬ. ಗೊಬ್ಬೂರಿನ ಕಟ್ಟೆಯ ಮೇಲೆ ಕುಳಿತು ಮುಂಬಯಿಯ ಗಿರಣಿಯ ಕಥೆ ಹೇಳುವಾಗ ಅವನು, "ದಾದರ ಟಿ.ಟಿ.ಗೆ ಇಳದು ನಡಕೋತ ಹೋಗತಿದ್ದೆ" ಎನ್ನುತ್ತಿದ್ದ. ಟಿ.ಟಿ. ಎಂಬುದು ಯಾರೋ ಸಾಹುಕಾರನ ಹೆಸರಿರಬೇಕೆಂದು ನಾನು ಬಗೆದಿದ್ದೆ. ಎಷ್ಟೋ ವರ್ಷಗಳ ಮೇಲೆ ತಿಳಿಯಿತು, ಅದು ಟ್ರಾಮ್ ಟರ್ಮಿನಸ್. ಎಂದರೆ ಟ್ರಾಮ್ ಬಂಡಿಯ ಕೊನೆಯ ತಂಗುದಾಣ. ಬಂಡಿ ಹೋಗಿ ಅರವತ್ತು ವರ್ಷ ದಾಟಿದೆ. ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ.

ಮುಂಬಯಿಯ ಬೀದಿಗೆ ಟ್ರಾಮ್ ಬಂದದ್ದು 1874ರ ಮೇ 9ರಂದು. ಆಗ ಅದನ್ನು ಎಳೆಯುತ್ತಿದ್ದವು ಕುದುರೆಗಳು. ಕೊಲಾಬಾದಿಂದ ಪಾಯಧುನಿಯವರೆಗೆ ಮೂರು ಆಣೆ. 1907ರ ಮೇ 7ರಂದು ವಿದ್ಯುತ್ ಬಂಡಿ ಬಂದಿತು, ಕುದುರೆಗಳಿಗೆ ಬಿಡುವಾಯಿತು. 1920ರಲ್ಲಿ ಎರಡಂತಸ್ತಿನ ಬಂಡಿಯೂ ಬಂದಿತು. ಗಿರಣಿಯ ಕೂಲಿಗಾರ, ಹೋಟೆಲಿನ ಮಾಣಿ, ರಾತ್ರಿ ಶಾಲೆಗೆ ಓಡುವ ಹುಡುಗ, ಎಲ್ಲರಿಗೂ ಅದು ಎಟುಕುವ ವಾಹನ. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮ್ ಹೋಯಿತು. ಮದರಾಸಿನಲ್ಲಿ ಅದಕ್ಕೂ ಮೊದಲು, 1953ರಲ್ಲಿ, ದೆಹಲಿಯಲ್ಲಿ 1963ರಲ್ಲಿ. ಟ್ರಾಮ್ ನಿಧಾನ, ಅದು ಮೋಟಾರುಗಳಿಗೆ ಅಡ್ಡ, ಅದು ಹಳೆಯ ಕಾಲದ್ದು ಎಂದು ಅಂದಿನವರು ತೀರ್ಮಾನಿಸಿದರು.

ಈ ತೀರ್ಮಾನ ನಮ್ಮವರದಷ್ಟೇ ಅಲ್ಲ. ಪ್ಯಾರಿಸ್ ನಗರ 1930ರ ದಶಕದಲ್ಲಿಯೇ ಹಳಿ ಕಿತ್ತಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ 1949ರಲ್ಲಿ, ಫ್ರಾನ್ಸಿನ ನಾಂತ್ 1958ರಲ್ಲಿ, ಆಸ್ಟ್ರೇಲಿಯದ ಸಿಡ್ನಿ 1961ರಲ್ಲಿ ಟ್ರಾಮನ್ನು ನಿಲ್ಲಿಸಿದವು. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ನಾಂತ್ 1985ರಲ್ಲಿ ಮತ್ತೆ ಹಳಿ ಹಾಸಿತು. ಮ್ಯಾಂಚೆಸ್ಟರ್ 1992ರಲ್ಲಿ, ಅದೇ ವರ್ಷ ಪ್ಯಾರಿಸ್ಸಿನ ಹೊರವಲಯ, 1997ರಲ್ಲಿ ಸಿಡ್ನಿ. ಕೈಯಾರೆ ಕಿತ್ತದ್ದನ್ನು ಮತ್ತೆ ಕೈಯಾರೆ, ಹತ್ತಾರು ಪಟ್ಟು ಹಣ ಚೆಲ್ಲಿ, ಏಕೆ ಹಾಸಿದರು? ಹಾಸಿದ ಮೇಲೆ ಅದನ್ನು ಹೇಗೆ ನಡೆಸುತ್ತಿದ್ದಾರೆ? ನಮ್ಮ ಊರುಗಳಿಗೆ ಇದರಲ್ಲಿ ಪಾಠವೇನಾದರೂ ಉಂಟೆ? ಇದೇ ಇಂದಿನ ಮಾತು.

ಈ ಹೊಸ ಕಾಲದ ಟ್ರಾಮಿಗೆ ಲಘು ರೈಲು ಎಂದು ಹೆಸರು. ಕನ್ನಡ ಪಾಠ ಹೇಳುವ ನನ್ನಂಥವನಿಗೆ ಲಘು ಎಂದ ಕೂಡಲೆ ಛಂದಸ್ಸು ನೆನಪಾಗುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಲ್ಲಿಯೂ ಹಾಗೆಯೇ ತಿಳಿಯಬಹುದು. ಲಘು ಎಂದರೆ ಬಂಡಿ ಹಗುರವೆಂದಲ್ಲ. ಅದು ಹತ್ತಾರು ಟನ್ ತೂಗುತ್ತದೆ. ಹೊರುವ ಜನ, ಓಡುವ ವೇಗ, ಬೇಕಾಗುವ ಕಟ್ಟಡ ಇವು ದೊಡ್ಡ ರೈಲಿಗಿಂತ ಕಡಿಮೆ ಎಂದು ಅರ್ಥ. ಬೆಂಗಳೂರಿನ ಮೆಟ್ರೋ ಗುರು. ಅದಕ್ಕೆ ಸೇತುವೆ ಬೇಕು, ಸುರಂಗ ಬೇಕು. ಲಘು ರೈಲು ಬಹುಮಟ್ಟಿಗೆ ನೆಲದ ಮೇಲೆಯೇ, ಬೀದಿಯಲ್ಲಿಯೇ ಓಡುತ್ತದೆ. ಒತ್ತಕ್ಷರದ ಹಿಂದಿನ ಲಘು ಗುರುವಾಗುವಂತೆ, ಬಂಡಿಗೆ ಬಂಡಿ ಜೋಡಿಸಿದರೆ ಇದೂ ಗುರುವಾಗುವುದುಂಟು. ಕೆನಡಾದ ಕ್ಯಾಲ್ಗರಿಯಲ್ಲಿ 1981ರಿಂದ ಹೀಗೆ ಬಂಡಿಗಳನ್ನು ಕೂಡಿಸಿ ನಗರದ ನಡುಬೀದಿಯಲ್ಲಿಯೇ ಓಡಿಸುತ್ತಾರೆ.

ಅದರ ಯಂತ್ರವಿಧಾನ ಕಷ್ಟದ್ದಲ್ಲ. ಬೀದಿಯಲ್ಲಿ ಹೂತ ಹಳಿಯ ತಲೆಯಲ್ಲಿ ಒಂದು ಕಾಲುವೆ ಇರುತ್ತದೆ. ಗಾಲಿಯ ಅಂಚು ಅದರಲ್ಲಿ ಕೂಡುತ್ತದೆ. ಆದ್ದರಿಂದ ಹಳಿ ರಸ್ತೆಯಿಂದ ಮೇಲೇಳದೆ, ನಡೆಯುವವರ ಕಾಲಿಗೆ ತೊಡರದೆ ಇರುತ್ತದೆ. ಮೇಲೆ ಒಂದು ತಂತಿ. ಅದರಲ್ಲಿ ಸಾಮಾನ್ಯವಾಗಿ 600ರಿಂದ 750 ವೋಲ್ಟಿನ ವಿದ್ಯುತ್ತು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವುದರಿಂದ ಘರ್ಷಣೆ ಕಡಿಮೆ, ಶಕ್ತಿಯ ವೆಚ್ಚವೂ ಕಡಿಮೆ. ಆದರೆ ಘರ್ಷಣೆ ಕಡಿಮೆಯಾದರೆ ಬಂಡಿ ಬೇಗ ನಿಲ್ಲುವುದೂ ಇಲ್ಲ. ಅದಕ್ಕೆ ಉಪಾಯವೇನು ಗೊತ್ತೆ? ಮರಳು! ಗಾಲಿಯ ಬಳಿ ಒಂದು ಮರಳಿನ ಪೆಟ್ಟಿಗೆ ಇರುತ್ತದೆ. ಮಳೆಯಲ್ಲಿ ಹಳಿ ಜಾರಿದರೆ ಚಾಲಕನು ಗಾಲಿಯ ಮುಂದೆ ಹಿಡಿ ಮರಳು ಉದುರಿಸುತ್ತಾನೆ. ಇಷ್ಟು ದೊಡ್ಡ ಯಂತ್ರವನ್ನು ನಿಲ್ಲಿಸಲು ನಮ್ಮ ಭೀಮಾ ಹೊಳೆಯ ದಂಡೆಯಲ್ಲಿ ಬಿದ್ದಿರುವಂಥ ಮರಳೇ ಗತಿ.

ಯಂತ್ರ ಸುಲಭ, ನಡೆಸುವುದು ಕಷ್ಟ. ಜಗತ್ತಿನ ಊರುಗಳ ಅನುಭವವನ್ನು ಸೋಸಿ ನೋಡಿದರೆ ಮೂರು ಮಾತು ಉಳಿಯುತ್ತವೆ: ದಾರಿ, ವೇಳೆ, ದುರಸ್ತಿ. ಈ ಮೂರರಲ್ಲಿ ಒಂದು ತಪ್ಪಿದರೂ ಹಳಿ ಇದ್ದೂ ಇಲ್ಲದಂತೆ.

ಮೊದಲು ದಾರಿ. ಕೂಡಿಸಿದ ಒಂದು ಬಂಡಿ ಸುಮಾರು ಇನ್ನೂರು ಜನರನ್ನು ಹೊರಬಲ್ಲುದು. ಆ ಇನ್ನೂರು ಜನರ ಮುಂದೆ ಒಬ್ಬನೇ ಕುಳಿತ ಒಂದು ಕಾರು ಅಡ್ಡ ನಿಂತರೆ ಇನ್ನೂರು ಜನರೂ ನಿಲ್ಲಬೇಕು. ಹಳಿಯ ಬಂಡಿ ಪಕ್ಕಕ್ಕೆ ಸರಿಯಲಾರದು. ಆಸ್ಟ್ರೇಲಿಯದ ಮೆಲ್ಬೋರ್ನ್ ಟ್ರಾಮನ್ನು ಕೀಳದೆ ಉಳಿಸಿಕೊಂಡ ಊರು. ಸುಮಾರು 250 ಕಿಲೋಮೀಟರಿನ ಅದರ ಜಾಲ ಲೋಕದಲ್ಲಿಯೇ ದೊಡ್ಡದೆಂದು ಹೆಸರಾಗಿದೆ. ಆದರೂ ಬಹುಪಾಲು ದಾರಿಯನ್ನು ಮೋಟಾರುಗಳೊಡನೆ ಹಂಚಿಕೊಳ್ಳಬೇಕಾದುದರಿಂದ ಅದರ ನಡಿಗೆ ನಿಧಾನ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿನಲ್ಲಿ ಬೇರೆ ಕಥೆ ನಡೆಯಿತು. ಟ್ರಾಮನ್ನು ನೆಲದಡಿಗೆ ಇಳಿಸಿ ಮೇಲಿನ ಬೀದಿಯನ್ನು ಮೋಟಾರಿಗೆ ಬಿಡೋಣವೆಂದು 1962ರಲ್ಲಿ ಜನಮತ ಕೇಳಿದರು, ಜನ ಒಪ್ಪಲಿಲ್ಲ. 1973ರಲ್ಲಿ ಸುರಂಗ ರೈಲಿನ ಯೋಜನೆಯನ್ನೂ ಒಪ್ಪಲಿಲ್ಲ. ಬದಲಿಗೆ ಬೀದಿಯಲ್ಲಿಯೇ ಟ್ರಾಮಿಗೆ ಅಗ್ರಪೂಜೆ ಸಂದಿತು. ಅದು ಚೌಕದ ಹತ್ತಿರ ಬರುತ್ತಿರುವಂತೆಯೇ ನೆಲದಲ್ಲಿ ಹುದುಗಿಸಿದ ಸಾಧನ ಸುದ್ದಿ ಮುಟ್ಟಿಸುತ್ತದೆ, ದೀಪ ಹಸುರಾಗುತ್ತದೆ. ಕಾರಿನವರು ಕಾಯುತ್ತಾರೆ.

ಕಲಕತ್ತೆಯಲ್ಲಿ ಇದಕ್ಕೆ ವ್ಯತಿರಿಕ್ತವಾಯಿತು. ಆ ಊರಿಗೆ ಟ್ರಾಮ್ ಬರಿಯ ಬಂಡಿಯಲ್ಲ. 1953ರಲ್ಲಿ ದರ ಒಂದು ಪೈಸೆ ಏರಿತೆಂದು ಊರಿಗೆ ಊರೇ ಎದ್ದು ನಿಂತಿತ್ತು. ಅಂಥ ಊರಿನಲ್ಲಿ ಹಿಂದೆ ಟ್ರಾಮಿಗೆಂದೇ ಮೀಸಲಾಗಿದ್ದ ಹಾದಿಗಳಲ್ಲಿ ಹಲವನ್ನು ಕಾಂಕ್ರೀಟು ಹಾಕಿ ಮೋಟಾರುಗಳಿಗೂ ತೆರೆದರು. ಟ್ರಾಮ್ ಸಿಕ್ಕಿಬಿದ್ದಿತು, ನಿಧಾನವಾಯಿತು. ನಿಧಾನವಾದುದರಿಂದ ಜನ ಬಿಟ್ಟರು. ಜನ ಬಿಟ್ಟರೆಂದು ಮಾರ್ಗಗಳು ಒಂದೊಂದೇ ಮುಚ್ಚಿದವು. ಮೈದಾನದ ಒಂದು ತುಂಡನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ನಿಲ್ಲಿಸುವುದಾಗಿ 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರ ಪ್ರಕಟಿಸಿತು. 1873ರಲ್ಲಿ ಹುಟ್ಟಿದ್ದಕ್ಕೆ ಈ ಗತಿ. ಕಾಲು ಕಟ್ಟಿಹಾಕಿ, ಓಡಲಾರದೆಂದು ದೂರಿದ ಹಾಗಾಯಿತು.

ಎರಡನೆಯದು ವೇಳೆ. ಪ್ರಯಾಣಿಕನಿಗೆ ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ನಂಬಿಕೆ. ಐದು ನಿಮಿಷಕ್ಕೊಂದು ಬಂಡಿ ಬರುತ್ತದೆ ಎಂದಾದರೆ ವೇಳಾಪಟ್ಟಿಯನ್ನೇ ನೋಡಬೇಕಾಗಿಲ್ಲ. ಅರ್ಧ ಗಂಟೆಗೊಂದು ಎಂದಾದರೆ ಮನೆಯಲ್ಲಿರುವ ಮೋಟಾರ್ ಸೈಕಲ್ಲೇ ಲೇಸೆನಿಸುತ್ತದೆ. ಇದಕ್ಕೆ ದೃಷ್ಟಾಂತ ನಮ್ಮ ರಾಜಧಾನಿಯಲ್ಲಿಯೇ ಇದೆ. 2025ರ ಆಗಸ್ಟ್ 10ರಂದು ಬೆಂಗಳೂರಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೋದ ಹಳದಿ ಮಾರ್ಗ ತೆರೆಯಿತು. 19 ಕಿಲೋಮೀಟರು ಹಳಿ ಸಿದ್ಧವಾಗಿತ್ತು, ನಿಲ್ದಾಣ ಸಿದ್ಧವಾಗಿತ್ತು. ಓಡಲು ಇದ್ದದ್ದು ಮೂರೇ ರೈಲು. ಮೊದಮೊದಲು 25 ನಿಮಿಷಕ್ಕೊಂದು ಬಂಡಿ. ಆಮೇಲೆ ರೈಲುಗಳು ಒಂದೊಂದಾಗಿ ಬಂದಂತೆ ಕಾಯುವ ಹೊತ್ತು ಇಳಿಯತೊಡಗಿತು. ಮನೆ ಕಟ್ಟಿದರೆ ಸಾಲದು, ಒಲೆಯೂ ಹೊತ್ತಬೇಕು.

ಮೂರನೆಯದು ದುರಸ್ತಿ. ಉದ್ಘಾಟನೆಯ ದಿನ ಹಾರ ಬೀಳುವುದು ಬಂಡಿಯ ಕೊರಳಿಗೆ. ಡಿಪೋದಲ್ಲಿ ರಾತ್ರಿಯೆಲ್ಲ ಗಾಲಿ ಕೆತ್ತುವ ಕೆಲಸಗಾರನ ಕೊರಳಿಗೆ ಬೀಳುವುದಿಲ್ಲ. ಇಥಿಯೋಪಿಯದ ಅಡಿಸ್ ಅಬಾಬಾ ನಗರ 2015ರಲ್ಲಿ ಲಘು ರೈಲನ್ನು ತೆರೆದಾಗ ಆಫ್ರಿಕವೆಲ್ಲ ಮೆಚ್ಚಿ ನೋಡಿತು. ಎರಡು ಮಾರ್ಗ, 41 ರೈಲುಗಳು. ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ರೈಲು ಮೂಲೆ ಸೇರಿದವು. ಬಿಡಿಭಾಗ ಹೊರದೇಶದಿಂದ ಬರಬೇಕು, ಅದಕ್ಕೆ ವಿದೇಶಿ ಹಣ ಬೇಕು, ಹಣ ಸಿಗಲಿಲ್ಲ. ಹಳಿ ಹಾಸುವ ಸಾಲ ಸಿಕ್ಕೀತು. ನಟ್ಟು ಬೋಲ್ಟಿನ ಹಣ ಪ್ರತಿ ವರ್ಷ ನಾವೇ ಹೊಂದಿಸಬೇಕು.

ಈ ಮೂರನ್ನೂ ನಮ್ಮ ನಾಡಿನ ಒಂದು ಉದಾಹರಣೆಗೆ ಹಚ್ಚಿ ನೋಡೋಣ. ಹುಬ್ಬಳ್ಳಿ ಧಾರವಾಡಗಳ ನಡುವೆ 2018ರಲ್ಲಿ ಚಿಗರಿ ಬಸ್ಸುಗಳು ಓಡತೊಡಗಿದವು. 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾದ ಉದ್ಘಾಟನೆ ನಡೆಯಿತು. ಚಿಗರಿ ಎಂದರೆ ಜಿಂಕೆ, ಒಳ್ಳೆಯ ಹೆಸರು. ಹಳಿಯೊಂದನ್ನು ಬಿಟ್ಟರೆ ಅದರ ಏರ್ಪಾಡೆಲ್ಲ ಲಘು ರೈಲಿನದೇ: ಸುಮಾರು 22 ಕಿಲೋಮೀಟರು ದಾರಿ, ರಸ್ತೆಯ ನಡುವೆ ಬಸ್ಸಿಗೆಂದೇ ಮೀಸಲಾದ ಹಾದಿ, ಬಸ್ಸಿನ ನೆಲಕ್ಕೆ ಸರಿಯಾಗಿ ಎತ್ತರಿಸಿದ ನಿಲ್ದಾಣ, ಏರುವ ಮೊದಲೇ ಟಿಕೇಟು. ಮುದುಕಿಯೊಬ್ಬಳು ಮೊಣಕಾಲು ಹಿಡಿದುಕೊಳ್ಳದೆ ಹೊಸ್ತಿಲು ದಾಟುವಂತೆ ಒಳಗೆ ಹೋಗುವುದನ್ನು ನಾನು ಅಲ್ಲಿ ಕಣ್ಣಾರೆ ಕಂಡಿದ್ದೇನೆ. ಇದು ಸಣ್ಣ ಸಂಗತಿಯಲ್ಲ. ಆದರೆ ವರ್ಷ ಕಳೆದಂತೆ ಬಸ್ಸುಗಳು ಹಳತಾದವು, ದುರಸ್ತಿಯ ದೂರುಗಳು ಕೇಳಿಬಂದವು. ಪಕ್ಕದಲ್ಲಿ ಸಿಕ್ಕಿಕೊಂಡ ವಾಹನದವರು, "ಆ ನಡುವಿನ ಹಾದಿ ನಮಗೂ ಬಿಡ್ರಿ" ಎನ್ನತೊಡಗಿದರು. ಅವರ ಸಂಕಟ ಸುಳ್ಳಲ್ಲ. ಆದರೆ ಆ ಹಾದಿ ಬಿಟ್ಟ ದಿನ ಚಿಗರಿ ಚಿಗರಿಯಾಗಿ ಉಳಿಯುವುದಿಲ್ಲ. ಕಲಕತ್ತೆಯ ಟ್ರಾಮ್ ಆಗುತ್ತದೆ.

ಊರು ಮನಸ್ಸು ಮಾಡಿದರೆ ಎಂಥ ಸ್ಥಿತಿಯಲ್ಲಿಯೂ ಬಂಡಿ ಓಡುತ್ತದೆ ಎಂಬುದಕ್ಕೆ ಜಪಾನಿನ ಹಿರೋಷಿಮಾ ಸಾಕ್ಷಿ. ಯುದ್ಧಕಾಲದಲ್ಲಿ ಗಂಡಸರು ಸೈನ್ಯಕ್ಕೆ ಹೋದುದರಿಂದ ಅಲ್ಲಿನ ಟ್ರಾಮ್ ಕಂಪನಿ 1943ರಲ್ಲಿ ಹುಡುಗಿಯರಿಗಾಗಿ ಒಂದು ಶಾಲೆ ತೆರೆಯಿತು. ನಮ್ಮ ಹೈಸ್ಕೂಲಿನ ಮಕ್ಕಳ ವಯಸ್ಸಿನವರು ಅಲ್ಲಿ ಓದುತ್ತ ಓದುತ್ತಲೇ ಟಿಕೇಟು ಕೊಡುವುದನ್ನೂ ಬಂಡಿ ನಡೆಸುವುದನ್ನೂ ಕಲಿತರು. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದು ಊರು ಬೂದಿಯಾಯಿತು. ಆ ಹುಡುಗಿಯರಲ್ಲಿಯೂ ಹಲವರು ಸತ್ತರು. ಮೂರೇ ದಿನದ ಮೇಲೆ, ಆಗಸ್ಟ್ 9ರಂದು, ಮಾರ್ಗದ ಒಂದು ತುಂಡಿನಲ್ಲಿ ಟ್ರಾಮ್ ಮತ್ತೆ ಓಡಿತು. ಬದುಕಿ ಉಳಿದ ಹುಡುಗಿಯರು ಮತ್ತೆ ಅದರ ಕೆಲಸಕ್ಕೆ ನಿಂತರು. ಸುಟ್ಟ ಊರಿನಲ್ಲಿ ಆ ಗಂಟೆಯ ಸದ್ದು ಕೇಳಿದವರಿಗೆ ಏನೆನಿಸಿರಬೇಕು! ಈ ಪಾಠವನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ, ನಮ್ಮ ಕಲಬುರಗಿಗಿ ಇಂಥಾದು ಯಾವಾಗ ಬರ್ತದ್ರಿ?" ಎಂದು ಕೇಳಿದಳು.

ನನಗೆ ಕೂಡಲೆ ಉತ್ತರ ತೋಚಲಿಲ್ಲ. ಅಂದಿನಿಂದ ಯೋಚಿಸಿ ಕಂಡುಕೊಂಡದ್ದನ್ನು ಇಂದು ಹೇಳುತ್ತೇನೆ. ಕಲಬುರಗಿ 2011ರ ಜನಗಣತಿಯಲ್ಲಿಯೇ ಐದು ಲಕ್ಷ ದಾಟಿದ ಊರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಕಾಲೇಜಿಗೆ, ಆಸ್ಪತ್ರೆಗೆ, ಕೆಲಸಕ್ಕೆ ನಗರದ ಬಸ್ ನಿಲ್ದಾಣದವರೆಗೆ ಖರ್ಚಿಲ್ಲದೆ ಬಂದು ಇಳಿಯುತ್ತಿದ್ದಾರೆ. ಇಳಿದ ಮೇಲೆ ಊರೊಳಗೆ ಹೋಗುವುದು ಹೇಗೆ ಎಂಬುದೇ ಅವರ ಪ್ರಶ್ನೆ. ಅದಕ್ಕೆ ಹಳಿಯೇ ಬೇಕೆಂದು ನಾನು ಹೇಳುವುದಿಲ್ಲ. ಹಳಿಗೆ ಕೋಟಿಗಟ್ಟಲೆ ಹಣ ಬೇಕು; ಅಷ್ಟು ಜನಸಂದಣಿ ಇಲ್ಲದ ಕಡೆ ಅದು ಆನೆ ಸಾಕಿದಂತೆ. ಆದರೆ ಹಳಿ ಕಲಿಸುವ ಪಾಠ ಹಣವಿಲ್ಲದೆಯೂ ಬರುತ್ತದೆ: ಹೆಚ್ಚು ಜನರನ್ನು ಹೊತ್ತ ಬಂಡಿಗೆ ಮೊದಲು ದಾರಿ ಬಿಡುವುದು, ಹೇಳಿದ ವೇಳೆಗೆ ಅದನ್ನು ಕಳಿಸುವುದು, ಕೆಡುವ ಮೊದಲೇ ಅದನ್ನು ಸರಿಪಡಿಸುವುದು. ಇವು ಮೂರು ಇದ್ದಲ್ಲಿ ಸಾಮಾನ್ಯ ಬಸ್ಸೂ ಲಘು ರೈಲೇ. ಇಲ್ಲದಲ್ಲಿ ಬೆಳ್ಳಿಯ ಹಳಿ ಹಾಸಿದರೂ ವ್ಯರ್ಥ.

ರೈಲು ಬರುವ ಮೊದಲು ನಮ್ಮ ಜನ ಬದುಕು ಹಳಿ ತಪ್ಪಿತು ಎನ್ನುತ್ತಿರಲಿಲ್ಲ. ಹಳಿ ಬಂದ ಮೇಲೆ ಆ ಮಾತು ಬಂದಿತು. ಕೆಟ್ಟದ್ದು ಮತ್ತೆ ಹಳಿಗೆ ಬಂದಿತು ಎಂಬ ಮಾತೂ ಅದರ ಬೆನ್ನಿಗೇ ಬಂದಿತು. ಜಗತ್ತಿನ ಹಲವು ಊರುಗಳು ಒಮ್ಮೆ ತಪ್ಪಿ, ಹಣ ತೆತ್ತು, ಮತ್ತೆ ಹಳಿಗೆ ಬಂದಿವೆ. ನಾವು ಅಷ್ಟು ದುಬಾರಿಯಾಗಿ ಕಲಿಯಬೇಕಾಗಿಲ್ಲ. ನಾಳೆ ಚೌಕದಲ್ಲಿ ತುಂಬಿದ ಬಸ್ಸೊಂದು ಎದುರಾದಾಗ ನಮ್ಮ ವಾಹನವನ್ನು ಅರೆ ಗಳಿಗೆ ನಿಲ್ಲಿಸಿ ಅದಕ್ಕೆ ದಾರಿ ಬಿಡೋಣ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಅಲ್ಲಿಂದ ಮೊದಲಾಗುತ್ತದೆ.