ಬಾಣದ ಬೆನ್ನು ಹತ್ತಿದವರು



ಯಾದಗಿರಿ ಜಿಲ್ಲೆಯ ಕಡೇಚೂರಿನಲ್ಲಿ ರೈಲ್ವೆಯ ಬೋಗಿ ಕಾರ್ಖಾನೆಯಿದೆ. ಆಡುಮಾತಿನಲ್ಲಿ ಬೋಗಿ ಎಂದರೆ ಜನ ಕೂರುವ ಡಬ್ಬಿ. ಕಾರ್ಖಾನೆಯವರ ಮಾತಿನಲ್ಲಿ ಬೋಗಿ ಎಂದರೆ ಆ ಡಬ್ಬಿಯನ್ನು ಹೊರುವ, ಗಾಲಿಗಳನ್ನು ಹಿಡಿದಿಡುವ ಉಕ್ಕಿನ ಚೌಕಟ್ಟು. ಪ್ರಯಾಣಿಕನ ಕಣ್ಣಿಗೆ ಅದು ಬೀಳುವುದಿಲ್ಲ. ಕೆಟ್ಟ ದಿನ ಮಾತ್ರ ಅದರ ನೆನಪಾಗುತ್ತದೆ. ರಾಕೆಟ್ಟಿನ ಪಾಡೂ ಹೆಚ್ಚುಕಡಿಮೆ ಇದೇ. ಉಪಗ್ರಹ ವರ್ಷಗಟ್ಟಲೆ ಕೆಲಸ ಮಾಡಿ ಹೆಸರು ಪಡೆಯುತ್ತದೆ; ಅದನ್ನು ಹೊತ್ತೊಯ್ದ ವಾಹನದ ಆಯುಷ್ಯ ಸಾಮಾನ್ಯವಾಗಿ ಕೆಲವೇ ನಿಮಿಷಗಳದು. ಆದರೂ ಈ ಹೊರುವ ಯಂತ್ರಕ್ಕೇ ಮನಸೋತು, ಅದರ ಒಂದೊಂದು ಹಾರಾಟದ ಲೆಕ್ಕವಿಡುವ ಹವ್ಯಾಸಿಗಳ ಬಳಗ ಜಗತ್ತಿನಾದ್ಯಂತ ಬೆಳೆದಿದೆ. ಇವರಿಗೆ ಸಂಬಳವಿಲ್ಲ, ಪದವಿಯ ಹಂಗೂ ಇಲ್ಲ. ಬೇರೆಯವರ ಸರಕು ಹೊರುವ ವಾಹನವನ್ನು ಇವರು ಹೀಗೆ ಹಿಂಬಾಲಿಸುವುದೇಕೆ?

ಕನ್ನಡನಾಡಿಗೆ ರಾಕೆಟ್ ಹೊಸತಲ್ಲ. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದಲ್ಲಿ ಬಾಣದ ದಳಗಳಿದ್ದವು. ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿದ್ದು ಅವರ ಹೆಚ್ಚುಗಾರಿಕೆ. ಒಳಗಿನ ಒತ್ತಡವನ್ನು ಕಾಗದ, ಬಿದಿರಿಗಿಂತ ಕಬ್ಬಿಣ ಹೆಚ್ಚು ತಾಳುವುದರಿಂದ ಬಾಣ ಹೆಚ್ಚು ದೂರ ಹಾರುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಬಾಣಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅವುಗಳ ಆಧಾರದ ಮೇಲೆ ತನ್ನ ರಾಕೆಟ್ಟುಗಳನ್ನು ರೂಪಿಸಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ನಮ್ಮ ಬಾಣದ ಬಗ್ಗೆ ಬರೆದಿಟ್ಟವರಲ್ಲಿ ಅದರ ಏಟು ತಿಂದ ಪರದೇಶಿಗಳೇ ಹೆಚ್ಚು ಎಂಬುದು ಗಮನಿಸಬೇಕಾದ ಮಾತು.

ಸ್ವತಂತ್ರ ಭಾರತದ ಬಾಹ್ಯಾಕಾಶ ಕಾರ್ಯಕ್ಕೂ ಕರ್ನಾಟಕವೇ ಒಂದು ತವರು. ಮೊದಲ ಉಪಗ್ರಹ ಆರ್ಯಭಟವನ್ನು ಉಡುಪಿಯ ಕಡೆಯ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಲಾಯಿತು. 1975ರ ಏಪ್ರಿಲ್ 19ರಂದು ಅದನ್ನು ಹೊತ್ತದ್ದು ಸೋವಿಯತ್ ರಾಕೆಟ್. ನಮ್ಮದೇ ಎಸ್‌ಎಲ್‌ವಿ-3 1979ರಲ್ಲಿ ಸೋತು, 1980ರ ಜುಲೈ 18ರಂದು ಗೆದ್ದಿತು. ಸೋತ ದಿನ ಪತ್ರಕರ್ತರ ಮುಂದೆ ಹೊಣೆ ಹೊತ್ತು ನಿಂತವರು ಸಂಸ್ಥೆಯ ಮುಖ್ಯಸ್ಥ ಸತೀಶ್ ಧವನ್; ಗೆದ್ದ ದಿನ ಮಾತಾಡಲು ಅವರು ಮುಂದೆ ಬಿಟ್ಟದ್ದು ಅಬ್ದುಲ್ ಕಲಾಂ ಅವರನ್ನು.

ವ್ಯಾಪಾರ ಬಂದದ್ದು ಆಮೇಲೆ. 1992ರಲ್ಲಿ ಬೆಂಗಳೂರಿನಲ್ಲಿ ಆಂಟ್ರಿಕ್ಸ್ ಸಂಸ್ಥೆ ಹುಟ್ಟಿತು. 1999ರ ಮೇ 26ರಂದು ಪಿಎಸ್‌ಎಲ್‌ವಿ ನಮ್ಮ ಉಪಗ್ರಹದ ಜೊತೆಗೆ ಕೊರಿಯಾ ಮತ್ತು ಜರ್ಮನಿಯ ಎರಡು ಪುಟ್ಟ ಉಪಗ್ರಹಗಳನ್ನು ಬಾಡಿಗೆಗೆ ಒಯ್ದಿತು. 2007ರಲ್ಲಿ ಇಟಲಿಯ ಅಜಿಲೆ ಉಪಗ್ರಹಕ್ಕಾಗಿಯೇ ಒಂದು ರಾಕೆಟ್ ಹಾರಿತು. 2017ರ ಫೆಬ್ರುವರಿ 15ರಂದು ಒಂದೇ ಹಾರಾಟದಲ್ಲಿ ಹೋದ 104 ಉಪಗ್ರಹಗಳಲ್ಲಿ 101 ವಿದೇಶಗಳವು. 2022ರ ಯುದ್ಧದಿಂದಾಗಿ ರಷ್ಯದ ರಾಕೆಟ್ ಕೈತಪ್ಪಿದ ಒನ್‌ವೆಬ್ ಕಂಪನಿ ಭಾರತದ ಕಡೆ ತಿರುಗಿತು; ಅದರ 72 ಉಪಗ್ರಹಗಳು ಎರಡು ಕಂತಿನಲ್ಲಿ ಶ್ರೀಹರಿಕೋಟಾದಿಂದ ಮೇಲೇರಿದವು.

ಹವ್ಯಾಸಿಗಳ ಕೆಲಸ ಉಡಾವಣೆಗೆ ಎಷ್ಟೋ ಮೊದಲೇ ಶುರುವಾಗುತ್ತದೆ. ವಿಮಾನ ಚಾಲಕರಿಗೂ ಹಡಗುಗಳಿಗೂ ಇಂತಿಂಥ ದಿನ ಇಂತಿಂಥ ಕಡೆ ಬರಬೇಡಿ ಎಂದು ಮುನ್ನೆಚ್ಚರಿಕೆ ಕೊಡುವ ಪದ್ಧತಿಯಿದೆ. ಅದನ್ನು ನಕ್ಷೆಯ ಮೇಲಿಟ್ಟರೆ ರಾಕೆಟ್ ಹಿಡಿಯುವ ದಾರಿ, ಖಾಲಿಯಾದ ಹಂತಗಳು ಬೀಳುವ ಸಮುದ್ರ ಎರಡೂ ತಿಳಿಯುತ್ತವೆ. ಧ್ರುವಗಳ ಮೇಲೆ ಹಾದುಹೋಗುವ ಕಕ್ಷೆಗೆ ಶ್ರೀಹರಿಕೋಟಾದಿಂದ ನೆಟ್ಟಗೆ ದಕ್ಷಿಣಕ್ಕೆ ಹೋಗುವಂತಿಲ್ಲ. ಶ್ರೀಲಂಕಾವನ್ನು ಬಳಸಿ ಹೋಗಬೇಕು. ಆ ಸುತ್ತಿಗೆ ಇಂಧನ ಖರ್ಚಾಗುತ್ತದೆ, ಹೊರುವ ತೂಕ ತಗ್ಗುತ್ತದೆ. ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ ಸಣ್ಣ ರಾಕೆಟ್ಟುಗಳಿಗಾಗಿ 2024ರ ಫೆಬ್ರುವರಿಯಲ್ಲಿ ಹೊಸ ನೆಲೆಗೆ ಶಂಕುಸ್ಥಾಪನೆ ಆದದ್ದು ಇದಕ್ಕೇ.

ಇನ್ನು ಹಾರಾಟದ ಹೊತ್ತು. ಪಿಎಸ್‌ಎಲ್‌ವಿಗೆ ನಾಲ್ಕು ಹಂತಗಳು: ಒಂದು ಮತ್ತು ಮೂರನೆಯದರಲ್ಲಿ ಘನ ಇಂಧನ, ಎರಡು ಮತ್ತು ನಾಲ್ಕನೆಯದರಲ್ಲಿ ದ್ರವ ಇಂಧನ. ದೂರದರ್ಶನದ ಪರದೆಯ ಮೇಲೆ ಹೋಗಬೇಕಾದ ದಾರಿಗೆ ಒಂದು ಗೆರೆ, ಹೋಗುತ್ತಿರುವ ದಾರಿಗೆ ಇನ್ನೊಂದು. ಎರಡೂ ಕೂಡಿಕೊಂಡಿದ್ದರೆ ಕ್ಷೇಮ. ಪಳಗಿದ ಹವ್ಯಾಸಿಯ ಕಣ್ಣು ಹೊಗೆ, ಬೆಂಕಿಗಳನ್ನು ಬಿಟ್ಟು ಈ ಗೆರೆಗಳ ಮೇಲಿರುತ್ತದೆ. ಗೆರೆ ಬಾಗಿದರೆ, ಮೇಲ್ವಿಚಾರಕರ ದನಿ ತಡೆದರೆ, ಘೋಷಣೆ ಬರುವ ಮೊದಲೇ ಅವನಿಗೆ ಕೇಡು ಗೊತ್ತಾಗುತ್ತದೆ. 2025ರ ಮೇ 18ರಂದು ಮೂರನೆಯ ಹಂತದಲ್ಲಿ ಒತ್ತಡ ಕುಸಿದು ಪಿಎಸ್‌ಎಲ್‌ವಿ-ಸಿ61 ವಿಫಲವಾಯಿತು. ಚಪ್ಪಾಳೆಗೆ ಕಾದಿದ್ದವರು ಎದ್ದುಹೋಗುತ್ತಾರೆ. ಹವ್ಯಾಸಿ ಹಳೆಯ ಲೆಕ್ಕ ತೆಗೆದು, ಈ ಹಂತ ಹಿಂದೆ ಹೇಗೆ ನಡೆದುಕೊಂಡಿತ್ತು ಎಂದು ನೋಡುತ್ತಾನೆ.

ನೋಡುವುದರಿಂದ ಮಾಡುವುದಕ್ಕೆ ದಾಟಿದವರೂ ಇದ್ದಾರೆ. 2005ರ ಮೇ 5ರಂದು ಹಾರಿದ ಹ್ಯಾಮ್‌ಸ್ಯಾಟ್ ಹವ್ಯಾಸಿ ರೇಡಿಯೊದವರಿಗಾಗಿಯೇ ಇಸ್ರೋ ಕಟ್ಟಿದ, ನಲವತ್ತೆರಡೂವರೆ ಕಿಲೋ ತೂಕದ ಉಪಗ್ರಹ. ಅದರ ಎರಡು ಪ್ರಸಾರ ಉಪಕರಣಗಳಲ್ಲಿ ಒಂದನ್ನು ರೂಪಿಸಿದವನು ಒಬ್ಬ ಡಚ್ ವಿದ್ಯಾರ್ಥಿ. ಮನೆಯ ಮಾಳಿಗೆಯ ಮೇಲಿನ ಆಂಟೆನಾಗಳಿಗೆ ಅದು 2014ರವರೆಗೆ ದನಿಗೊಟ್ಟಿತು. 2010ರ ಜುಲೈ 12ರಂದು ಹೋದ ಸ್ಟಡ್‌ಸ್ಯಾಟ್, ಬೆಂಗಳೂರು ಮತ್ತು ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೂಡಿ ಮಾಡಿದ್ದು. ತೂಕ ಒಂದು ಕಿಲೋಕ್ಕಿಂತ ಕಡಿಮೆ.

ಈ ಹವ್ಯಾಸದ ನಿಜವಾದ ಬೆಲೆ ಪ್ರಶ್ನೆ ಕೇಳುವುದರಲ್ಲಿದೆ. 2025ರ ಜನವರಿಯಲ್ಲಿ ಬೆಂಗಳೂರಿನ ಪಿಕ್ಸೆಲ್ ಕಂಪನಿಯ ಮೂರು ಉಪಗ್ರಹಗಳು ಅಮೆರಿಕದ ಫಾಲ್ಕನ್ ರಾಕೆಟ್ಟಿನಲ್ಲಿ ಕ್ಯಾಲಿಫೋರ್ನಿಯಾದಿಂದ ಹೋದವು. ಮನೆಯಲ್ಲೇ ಗಾಡಿಯಿರುವಾಗ ಪರರ ಗಾಡಿ ಹತ್ತಿದ್ದೇಕೆ? ಫಾಲ್ಕನ್‌ನ ಮೊದಲ ಹಂತ 2015ರಿಂದಲೇ ಮರಳಿ ನೆಲಕ್ಕಿಳಿಯುತ್ತಿದೆ, 2017ರಿಂದ ಮತ್ತೆ ಹಾರುತ್ತಿದೆ. ಮೇಲಿಂದ ಮೇಲೆ ಹೊರಡುವ ಗಾಡಿಯಲ್ಲಿ ಸಣ್ಣ ಸರಕಿಗೂ ಬೇಗ ಜಾಗ ಸಿಗುತ್ತದೆ. ನಮ್ಮಲ್ಲೂ ಚಿತ್ರದುರ್ಗ ಜಿಲ್ಲೆಯ ಬಯಲಿನಲ್ಲಿ 2023 ಮತ್ತು 2024ರಲ್ಲಿ ರೆಕ್ಕೆಯುಳ್ಳ ವಾಹನವೊಂದನ್ನು ಹೆಲಿಕಾಪ್ಟರಿನಿಂದ ಬಿಟ್ಟು, ಅದು ತಾನಾಗಿ ಓಡುದಾರಿಗೆ ಇಳಿಯುವುದನ್ನು ಮೂರು ಸಲ ಪರೀಕ್ಷಿಸಲಾಯಿತು. ಆದರೆ ಇಳಿಯುವುದನ್ನು ಕಲಿತದ್ದಕ್ಕೂ ಕಕ್ಷೆಗೆ ಹೋಗಿ ಮರಳುವುದಕ್ಕೂ ನಡುವೆ ಬಹುದೂರದ ಹಾದಿಯಿದೆ. ಜಯಘೋಷದ ನಡುವೆ ಈ ಅಂತರವನ್ನು ಅಳೆದು ಹೇಳುವವರು ಬೇಕು.

ಕಡೇಚೂರಿನಿಂದ ಶ್ರೀಹರಿಕೋಟಾ ಕಾಗೆ ಹಾರಿದ ದಾರಿಯಲ್ಲಿ ಸುಮಾರು ನಾನೂರೈವತ್ತು ಕಿಲೋಮೀಟರ್. ಇಂದು ಯಾದಗಿರಿ, ಶಹಾಪುರ, ಸುರಪುರಗಳ ಹುಡುಗ ಹುಡುಗಿಯರ ಕೈಯಲ್ಲಿರುವ ಫೋನಿಗೂ ಉಡಾವಣೆಯ ಚಿತ್ರ ಅದೇ ಗಳಿಗೆಯಲ್ಲಿ ಬರುತ್ತದೆ. ದೂರ ಈಗ ಅಡ್ಡಿಯಲ್ಲ, ಅಡ್ಡಿಯಿರುವುದು ಮಾತಿನಲ್ಲಿ. ಉಡಾವಣೆಯ ವಿವರಣೆ ನಡೆಯುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಗೆರೆ ಯಾಕೆ ಬಾಗಿತು, ಹಂತ ಯಾಕೆ ಸೋತಿತು, ಖರ್ಚು ಯಾರದು, ಲಾಭ ಯಾರಿಗೆ ಎಂಬುದನ್ನು ಕನ್ನಡದಲ್ಲಿ ಬರೆದಿಡುವವರು ವಿರಳ. ಈ ರಾಕೆಟ್ಟುಗಳು ಬೆಳೆದದ್ದು ತೆರಿಗೆಯ ಹಣದಿಂದ. ಆ ಹಣದಲ್ಲಿ ಕಡೇಚೂರಿನವರ ಪಾಲೂ ಇದೆ. ಟಿಪ್ಪುವಿನ ಬಾಣದ ಕಥೆಯನ್ನು ಬಹುಪಾಲು ಪರರ ಬರವಣಿಗೆಯಿಂದ ತಿಳಿಯಬೇಕಾಯಿತು. ಇಂದಿನ ಬಾಣದ ಕಥೆಗೆ ಆ ಗತಿ ಬರಬಾರದು. ಹಾರಿದ್ದನ್ನೂ ಬಿದ್ದದ್ದನ್ನೂ ದಿನಾಂಕ ಸಮೇತ ತಮ್ಮ ಮಾತಿನಲ್ಲಿ ಬರೆದಿಡಲು ಒಂದು ನೋಟುಬುಕ್ಕು ಸಾಕು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.