ಹೊಟ್ಟೆ ಉಬ್ಬಿದ್ದೆಲ್ಲ ಗೋಧಿಯ ತಪ್ಪಲ್ಲ

ತೋಟದಲ್ಲಿ ಒಂದು ಅಡಿಕೆ ಮರದ ಸೋಗೆ ಹಳದಿಗೆ ತಿರುಗಿತು ಎಂದು ಇಟ್ಟುಕೊಳ್ಳಿ. ಸುಳ್ಯದ ಕಡೆಯವರಾದರೆ ಎದೆ ಧಸಕ್ಕೆನ್ನುತ್ತದೆ. ಹಳದಿ ಎಲೆ ರೋಗ ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಹೇಗೆ ತಿಂದಿತು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಹಳದಿಯಾದದ್ದೆಲ್ಲ ಆ ರೋಗವಲ್ಲ. ಬುಡದಲ್ಲಿ ನೀರು ನಿಂತರೂ ಸೋಗೆ ಹಳದಿಯಾಗುತ್ತದೆ, ಬೇರುಹುಳ ತಿಂದರೂ ಆಗುತ್ತದೆ, ಗೊಬ್ಬರ ಸಾಲದಿದ್ದರೂ ಆಗುತ್ತದೆ. ಬುಡ ಅಗೆದು ನೋಡದೆ ಮದ್ದು ಮಾಡಿದವನು ದುಡ್ಡನ್ನೂ ಕಳೆದುಕೊಳ್ಳುತ್ತಾನೆ, ಮರವನ್ನೂ ಕಳೆದುಕೊಳ್ಳುತ್ತಾನೆ.

ಇಂದು ನಾನು ಮಾತನಾಡಲು ಬಂದದ್ದು ಅಡಿಕೆಯ ವಿಷಯ ಅಲ್ಲ, ನಮ್ಮ ಹೊಟ್ಟೆಯ ವಿಷಯ. ಹೊಟ್ಟೆಯದ್ದೂ ಇದೇ ಕತೆ. ಉಬ್ಬರ, ನೋವು, ಭೇದಿ, ಮೈ ತುರಿಕೆ ಕಾಣುವುದು ಒಂದೇ ರೀತಿ, ಕಾರಣಗಳು ಹಲವು. ಈಗೀಗ ನಾನು ಹೋದ ಮನೆಗಳಲ್ಲಿ, "ನಮಗೆ ಗೋಧಿ ಆಗುವುದಿಲ್ಲ ಸಾರ್, ಅದರಲ್ಲಿ ಎಂತದೋ ಗ್ಲುಟೆನ್ ಉಂಟಂತೆ" ಎಂಬ ಮಾತು ಕೇಳಿಬರುತ್ತಿದೆ. ನಾನು ವೈದ್ಯನಲ್ಲ, ಕೃಷಿ ಡಿಪ್ಲೊಮಾ ಓದಿದವನು. ಮದ್ದು ಹೇಳಲು ನಾನು ಬಂದಿಲ್ಲ. ವೈದ್ಯರ ಬಳಿ ಹೋಗುವ ಮೊದಲು ನಾವು ಮನೆಯಲ್ಲಿ ಏನನ್ನು ಗಮನಿಸಬೇಕು, ಏನನ್ನು ಮಾಡಬಾರದು ಎಂಬಷ್ಟನ್ನೇ ಹೇಳುತ್ತೇನೆ.

ಮೊದಲು, ಈ ಗ್ಲುಟೆನ್ ಎಂದರೆ ಏನು? ಒಂದು ಮುಷ್ಟಿ ಮೈದಾ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಸ್ವಲ್ಪ ಹೊತ್ತು ಇಟ್ಟು, ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆಯಿರಿ. ಬಿಳಿ ನೀರೆಲ್ಲ ಹೋದ ಮೇಲೆ ಕೈಯಲ್ಲಿ ರಬ್ಬರಿನಂತೆ ಎಳೆದರೆ ಬರುವ ಒಂದು ಮುದ್ದೆ ಉಳಿಯುತ್ತದೆ. ಅದೇ ಗ್ಲುಟೆನ್, ಗೋಧಿಯ ಅಂಟು. ಅದೊಂದು ಸಸಾರಜನಕ. ಗೋಧಿಯಲ್ಲಿ, ಬಾರ್ಲಿಯಲ್ಲಿ, ಪರದೇಶದ ರೈ ಎಂಬ ಧಾನ್ಯದಲ್ಲಿ ಅದು ಉಂಟು. ಅಕ್ಕಿ, ರಾಗಿ, ಜೋಳ, ಮೆಕ್ಕೆಜೋಳ, ನವಣೆ, ಸಜ್ಜೆಗಳಲ್ಲಿ ಇಲ್ಲ. ಕುಚ್ಚಲಕ್ಕಿ ಗಂಜಿ ಅಂಟಾಗುತ್ತದಲ್ಲ ಎಂದು ಕೇಳಬಹುದು. ಆ ಅಂಟು ಪಿಷ್ಟದ್ದು, ಅದು ಬೇರೆ.

ಗೋಧಿಯಿಂದ ಮನುಷ್ಯನಿಗೆ ತೊಂದರೆ ಆಗುವುದು ಮುಖ್ಯವಾಗಿ ಮೂರು ದಾರಿಯಲ್ಲಿ.

ಒಂದನೆಯದು ಸೀಲಿಯಾಕ್ ಎಂಬ ಕಾಯಿಲೆ. ಇದರಲ್ಲಿ ಗ್ಲುಟೆನ್ ಒಳಗೆ ಹೋದಾಗ ದೇಹದ ಕಾವಲುಶಕ್ತಿಯೇ ತನ್ನ ಸಣ್ಣಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಸಾರ ಹೀರುವ ಸಣ್ಣ ಸಣ್ಣ ಎಳೆಗಳು ಇರುತ್ತವೆ, ಮರದ ಬಿಳಿಬೇರುಗಳಿದ್ದಂತೆ. ಅವು ಸವೆದುಹೋಗುತ್ತವೆ. ಬಿಳಿಬೇರು ಹೋದ ಮರಕ್ಕೆ ಎಷ್ಟು ಗೊಬ್ಬರ ಹಾಕಿದರೇನು? ಹಾಗೆಯೇ ಮಗು ಉಂಡರೂ ಬೆಳೆಯುವುದಿಲ್ಲ, ಕಬ್ಬಿಣದ ಮಾತ್ರೆ ಕೊಟ್ಟರೂ ರಕ್ತ ಏರುವುದಿಲ್ಲ. ಕೆಲವರಿಗೆ ಭೇದಿ ಇರುತ್ತದೆ, ಕೆಲವರಿಗೆ ಇರುವುದಿಲ್ಲ. ಇದು ಒಂದು ಹೊತ್ತಿನ ಊಟದ ತೊಂದರೆಯಲ್ಲ, ತಿಂಗಳು ವರ್ಷಗಳಲ್ಲಿ ಬೆಳೆಯುವ ತೊಂದರೆ.

ಎರಡನೆಯದು ಗೋಧಿಯ ಅಲರ್ಜಿ. ಇದು ಬೇಗ ಬರುತ್ತದೆ. ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈಯಲ್ಲಿ ದದ್ದು, ತುಟಿ ಕಣ್ಣು ಊತ, ವಾಂತಿ, ಉಸಿರು ಕಟ್ಟುವುದು. ಉಸಿರಿಗೆ ತೊಂದರೆಯಾದರೆ ಮನೆಮದ್ದು ಹುಡುಕುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕಿದ ವಾಹನದಲ್ಲಿ ಆಸ್ಪತ್ರೆಗೆ ಹೊರಡಿ.

ಮೂರನೆಯದು ಬರೀ ಉಬ್ಬರ. ಕರುಳಿಗೆ ಗಾಯವಿಲ್ಲ, ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಹೊಟ್ಟೆ ತಮ್ಮಟೆ. ಇದಕ್ಕೆ ಹಲವರಲ್ಲಿ ಕಾರಣ ಗ್ಲುಟೆನ್ ಅಲ್ಲವೇ ಅಲ್ಲ. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಇನ್ನೊಂದು ಪದಾರ್ಥ ಉಂಟು, ಅದು ಕರುಳಿನಲ್ಲಿ ಹುಳಿತು ವಾಯು ಮಾಡುತ್ತದೆ. ಅದೇ ಪದಾರ್ಥ ನೀರುಳ್ಳಿಯಲ್ಲಿ, ಬೆಳ್ಳುಳ್ಳಿಯಲ್ಲಿ ಉಂಟು. ನೀರುಳ್ಳಿ ಬಜ್ಜಿ ತಿಂದ ದಿನವೂ ಅದೇ ಉಬ್ಬರ ಬರುವುದಾದರೆ, ಗೋಧಿಯೊಂದನ್ನೇ ಬೈದು ಪ್ರಯೋಜನವಿಲ್ಲ.

ಇನ್ನು ನಮ್ಮ ಊರಿನ ಲೆಕ್ಕ ನೋಡೋಣ. ನಮ್ಮ ಮೂರು ತಾಲೂಕುಗಳಲ್ಲಿ ಗೋಧಿ ಬೆಳೆಯುವುದಿಲ್ಲ. ನಮ್ಮದು ಗಂಜಿ, ನೀರುದೋಸೆ, ಪುಂಡಿಯ ನಾಡು. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಉತ್ತರ ಭಾರತದ ದೊಡ್ಡವರಲ್ಲಿ ಸಾವಿರಕ್ಕೆ ಎಂಟು ಒಂಬತ್ತು ಮಂದಿಗೆ ಸೀಲಿಯಾಕ್ ಕಂಡರೆ, ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರ ಆಸುಪಾಸು ಕಂಡಿತು. ಅಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ಇಲ್ಲಿ 25 ಗ್ರಾಂ. ಹಾಲಿನ ಲೆಕ್ಕ ಇದಕ್ಕೆ ತಿರುಗು ಮುರುಗು. 1981ರ ಒಂದು ಅಧ್ಯಯನದಲ್ಲಿ ಹಾಲಿನ ಸಕ್ಕರೆ ಅರಗದವರು ಉತ್ತರದಲ್ಲಿ ನೂರಕ್ಕೆ ಸುಮಾರು 27, ದಕ್ಷಿಣದಲ್ಲಿ ಸುಮಾರು 66. ಆದ್ದರಿಂದ ನಮ್ಮ ಮನೆಯಲ್ಲಿ ಊಟದ ನಂತರ ಹೊಟ್ಟೆ ಉಬ್ಬಿದರೆ, ಗೋಧಿಗಿಂತ ಮೊದಲು ಹಾಲಿನ ಲೋಟದ ಕಡೆ ನೋಡುವುದು ಜಾಣತನ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ನನ್ನ ತಪ್ಪಿನಿಂದಲೇ ಕಲಿತದ್ದು. ನಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆ ಎಂದಾದ ಮೇಲೆ ರಾತ್ರಿಯ ಅನ್ನ ಬಿಟ್ಟು ಎರಡು ಚಪಾತಿ, ಒಂದು ದೊಡ್ಡ ಲೋಟ ಸಪ್ಪೆ ಹಾಲು ಎಂದು ಮಾಡಿಕೊಂಡರು. ವಾರ ಕಳೆಯುವುದರೊಳಗೆ ರಾತ್ರಿಯಿಡೀ ಹೊಟ್ಟೆ ಗುಡುಗುಡು. ನಾನು ಎಲ್ಲ ಗೊತ್ತಿದ್ದವನಂತೆ, "ಅಮ್ಮಾ, ನಿಮಗೆ ಗೋಧಿ ಆಗುವುದಿಲ್ಲ, ಬಿಡಿ" ಎಂದೆ. ಚಪಾತಿ ಬಿಟ್ಟರು, ಚಪಾತಿಯ ಜೊತೆಗಿದ್ದ ಹಾಲೂ ನಿಂತಿತು. ಹೊಟ್ಟೆ ಸರಿಯಾಯಿತು. ನನಗೆ ಎಲ್ಲಿಲ್ಲದ ಹೆಮ್ಮೆ. ಆರು ತಿಂಗಳು ಅವರು ಗೋಧಿ ಮುಟ್ಟಲಿಲ್ಲ. ಒಮ್ಮೆ ನೆಂಟರ ಮನೆಯಲ್ಲಿ ಒತ್ತಾಯಕ್ಕೆ ಐದಾರು ಗೋಳಿಬಜೆ ತಿಂದರು, ಏನೂ ಆಗಲಿಲ್ಲ. ಗೋಳಿಬಜೆ ಎಂದರೆ ಮೈದಾ ಅಲ್ಲವೇ? ಇನ್ನೊಂದು ದಿನ ಮನೆಯಲ್ಲೇ ಒಂದು ಲೋಟ ಹಾಲು ಕುಡಿದರು, ಗಂಟೆಯೊಳಗೆ ಗುಡುಗು ಶುರು. "ಮಗಾ, ನೀನು ಹಿಡಿದ ಕಳ್ಳ ಕಳ್ಳನಲ್ಲ" ಎಂದರು. ಈಗ ಚಪಾತಿ ತಿನ್ನುತ್ತಾರೆ, ಹಾಲಿನ ಬದಲು ಮಜ್ಜಿಗೆ ಕುಡಿಯುತ್ತಾರೆ. ಹಾಲು ಮೊಸರಾಗುವಾಗ ಅದರ ಸಕ್ಕರೆಯಲ್ಲಿ ಒಂದಷ್ಟು ಹುಳಿಯಾಗಿ ಬದಲಾಗುವುದರಿಂದ ಮಜ್ಜಿಗೆ ಹಲವರಿಗೆ ಒಗ್ಗುತ್ತದೆ.

ಹಾಲಿನಂತೆಯೇ ದಾರಿ ತಪ್ಪಿಸುವವು ಇನ್ನೂ ಉಂಟು. ಪತ್ರೊಡೆ ತಿಂದು ಗಂಟಲು ತುರಿಸಿದರೆ ಅದು ಅಲರ್ಜಿ ಎಂದು ಹೆದರಬೇಕಾಗಿಲ್ಲ. ಕೆಸುವಿನ ಎಲೆಯಲ್ಲಿ ಸೂಜಿಯಂತಹ ಹರಳುಗಳು ಇವೆ, ಅವು ಚುಚ್ಚುತ್ತವೆ. ಅದಕ್ಕೇ ನಮ್ಮ ಅಜ್ಜಿಯಂದಿರು ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುತ್ತಿದ್ದದ್ದು. ಮಂಗಳೂರಿನಿಂದ ಬಿಸಿಲಿನಲ್ಲಿ ಐಸು ಕರಗಿ ಬಂದ ಬಂಗುಡೆ ತಿಂದು ಮುಖ ಕೆಂಪಾಗಿ, ತಲೆನೋವು, ಎದೆ ಹೊಡೆತ ಬಂದರೆ, ಅದು ಮೀನು ಕೆಟ್ಟು ಹುಟ್ಟಿದ ಹಿಸ್ಟಮಿನ್ ಎಂಬ ವಿಷದ ಕೆಲಸ. ಬೇಯಿಸಿದರೂ ಅದು ಹೋಗುವುದಿಲ್ಲ. ಅದೇ ಮೀನು ತಿಂದ ಇನ್ನಿಬ್ಬರಿಗೂ ಹಾಗೆಯೇ ಆಗಿದ್ದರೆ ದೋಷ ಮೀನಿನದ್ದು, ನಿಮ್ಮ ದೇಹದ್ದಲ್ಲ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಬಾಯಿ ಬೊಕ್ಕೆ ಎದ್ದರೆ ಅದು ಸುಡುವ ಎಣ್ಣೆಯ ಗಾಯ. ಆದರೆ ಶುದ್ಧ ಮಾಡಿದ ಗೇರುಬೀಜದ ಒಂದು ಹೋಳು ತಿಂದು ತುಟಿ ಊದಿಕೊಂಡು ಉಸಿರು ಬಿಗಿದರೆ ಅದು ನಿಜವಾದ ಅಲರ್ಜಿ, ಹಗುರವಾಗಿ ತೆಗೆದುಕೊಳ್ಳುವ ವಿಷಯ ಅಲ್ಲ.

ಹಾಗಾದರೆ ಸೀಲಿಯಾಕ್ ನಮ್ಮಲ್ಲಿ ಇಲ್ಲವೇ ಇಲ್ಲವೋ? ಅಪರೂಪ ಎಂದರೆ ಇಲ್ಲವೆಂದಲ್ಲ. ನಾನು ಕೆಲಸದ ಮೇಲೆ ಹೋಗುವ ಒಂದು ಮನೆಯ ವಿಷಯ ಹೇಳುತ್ತೇನೆ. ಆರು ವರ್ಷದ ಹುಡುಗಿ. ಎರಡು ವರ್ಷ ಹಿಂದಿನ ಲಂಗ ಇನ್ನೂ ಸರಿಯಾಗಿ ಆಗುತ್ತಿತ್ತು. ಹೊಟ್ಟೆ ಮುಂದೆ, ಕೈಕಾಲು ಕಡ್ಡಿ. ಹುಳದ ಮಾತ್ರೆ ಕೊಟ್ಟಾಯಿತು, ಟಾನಿಕ್ಕು ಕುಡಿಸಿಯಾಯಿತು. "ನಾವು ಅಕ್ಕಿ ತಿನ್ನುವವರು, ಗೋಧಿ ಎಲ್ಲಿಂದ?" ಎಂದು ತಾಯಿ ಕೇಳಿದರು. ಕೂತು ಲೆಕ್ಕ ಹಾಕಿದಾಗ, ಬೆಳಗ್ಗೆ ಚಹಾಕ್ಕೆ ಅದ್ದಿದ ಬಿಸ್ಕೂಟು, ಶಾಲೆಗೆ ಬುತ್ತಿ ಸಜ್ಜಿಗೆ ಅಥವಾ ಬನ್ಸು, ಸಂಜೆ ಬ್ರೆಡ್ಡು. ಆ ಮಗುವಿನ ಹೊಟ್ಟೆಗೆ ಹೋಗುತ್ತಿದ್ದದ್ದು ಹೆಚ್ಚೂಕಡಿಮೆ ಬರೀ ಗೋಧಿ.

ಅಲ್ಲಿ ಇನ್ನೊಂದು ತಪ್ಪು ಆಯಿತು. ಯಾರೋ ಹೇಳಿದರೆಂದು ತಂದೆ ಗೋಧಿಯನ್ನು ಪೂರ್ತಿ ನಿಲ್ಲಿಸಿದರು, ಕೆಲವು ತಿಂಗಳು ಬಿಟ್ಟು ರಕ್ತಪರೀಕ್ಷೆಗೆ ಕರೆದುಕೊಂಡು ಹೋದರು. ಪರೀಕ್ಷೆ ಸರಿಯಾಗಿಯೇ ಬಂತು! ಏಕೆಂದರೆ ಆ ಪರೀಕ್ಷೆ ಹುಡುಕುವುದು ಗ್ಲುಟೆನ್ ತಿನ್ನುವಾಗ ರಕ್ತದಲ್ಲಿ ಏರುವ ಗುರುತನ್ನು. ತಿನ್ನುವುದು ನಿಲ್ಲಿಸಿದರೆ ಗುರುತು ಅಳಿಯುತ್ತದೆ. ಕಳ್ಳ ಓಡಿಹೋದ ಮೇಲೆ ಹೆಜ್ಜೆ ಗುಡಿಸಿ ಪೊಲೀಸರನ್ನು ಕರೆದಂತೆ ಆಯಿತು. ಕೊನೆಗೆ ವೈದ್ಯರ ಕಣ್ಗಾವಲಿನಲ್ಲಿ ಮಗುವಿಗೆ ಮತ್ತೆ ವಾರಗಟ್ಟಲೆ ಗೋಧಿ ಕೊಡಬೇಕಾಯಿತು. ಆ ವಾರಗಳಲ್ಲಿ ಮಗು ಪಟ್ಟ ಪಾಡನ್ನು ತಾಯಿ ಇವತ್ತಿಗೂ ಕಣ್ಣೀರಿಲ್ಲದೆ ಹೇಳುವುದಿಲ್ಲ. ಆಮೇಲೆ ಕಾಯಿಲೆ ಖಚಿತವಾಯಿತು. ಈಗ ಹುಡುಗಿ ಗೋಧಿಯಿಲ್ಲದ ಊಟದಲ್ಲಿ ಚೆನ್ನಾಗಿ ಬೆಳೆಯುತ್ತಿದ್ದಾಳೆ.

ಗೋಧಿ ನಿಲ್ಲಿಸಿದರೆ ಇಂಥ ಮಕ್ಕಳು ಚಿಗುರುತ್ತಾರೆ ಎಂಬುದು ಹೊಸ ಮಾತಲ್ಲ. 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಯುದ್ಧದಿಂದ ಬರಗಾಲ ಬಂದು ಬ್ರೆಡ್ಡು ಸಿಗದಾಯಿತು. ಎಲ್ಲರೂ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಸುಧಾರಿಸಿದರು. ಬ್ರೆಡ್ಡು ಮರಳಿದಾಗ ಮತ್ತೆ ಹಾಸಿಗೆ ಹಿಡಿದರು. ಮೊದಲೇ ಗೋಧಿಯ ಮೇಲೆ ಸಂಶಯವಿದ್ದ ಡಿಕೆ ಎಂಬ ಮಕ್ಕಳ ವೈದ್ಯರು 1950ರಲ್ಲಿ ತಮ್ಮ ಪ್ರಬಂಧದಲ್ಲಿ ಅದನ್ನು ತೋರಿಸಿಕೊಟ್ಟರು.

ಈಗ ಮನೆಯಲ್ಲಿ ಮಾಡಬೇಕಾದ ಕೆಲಸ. ಗೋಡೆಯ ಕ್ಯಾಲೆಂಡರನ್ನೇ ಪುಸ್ತಕ ಮಾಡಿಕೊಳ್ಳಿ. ತೊಂದರೆಯಾದ ದಿನದ ಚೌಕದಲ್ಲಿ ಮೂರು ವಿಷಯ ಬರೆಯಿರಿ. ಏನು ತಿಂದದ್ದು, ಎಷ್ಟು ಹೊತ್ತಿಗೆ ಶುರುವಾದದ್ದು, ತಿಂದ ಬೇರೆಯವರಿಗೂ ಆಯಿತೋ ಇಲ್ಲವೋ. ನಿಮಿಷಗಳಲ್ಲಿ ದದ್ದು ಎದ್ದರೆ ಅಲರ್ಜಿಯ ಕಡೆ ನೋಡಬೇಕು. ಅರ್ಧ ಗಂಟೆಯಿಂದ ಎರಡು ಗಂಟೆಯಲ್ಲಿ ಉಬ್ಬರ, ಭೇದಿ ಎಂದರೆ ಹಾಲಿನ ಕಡೆ. ತಿಂದವರಿಗೆಲ್ಲ ಆದರೆ ಆಹಾರ ಕೆಟ್ಟಿದೆ. ದಿನದ ಲೆಕ್ಕಕ್ಕೆ ಸಿಗದೆ, ತಿಂಗಳುಗಟ್ಟಲೆ ತೂಕ ಏರದೆ, ರಕ್ತ ಏರದೆ ಇದ್ದರೆ, ಮೊಣಕೈ ಮೊಣಕಾಲಿನಲ್ಲಿ ತುರಿಸುವ ಸಣ್ಣ ಗುಳ್ಳೆಗಳು ಬಂದು ಬಂದು ಹೋಗುತ್ತಿದ್ದರೆ, ಸೀಲಿಯಾಕ್ ಪರೀಕ್ಷೆ ಬೇಕೋ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ. ಟಿಟಿಜಿ ಎಂಬುದು ಆ ರಕ್ತಪರೀಕ್ಷೆಯ ಹೆಸರು. ಅಂಗನವಾಡಿಯ ತೂಕದ ಕಾರ್ಡು ಕೈಯಲ್ಲಿರಲಿ. ಒಬ್ಬರಿಗೆ ಖಚಿತವಾದರೆ ಒಡಹುಟ್ಟಿದವರನ್ನೂ ತಂದೆ ತಾಯಿಯರನ್ನೂ ಪರೀಕ್ಷಿಸುವುದು ಒಳ್ಳೆಯದು. ಮಲದಲ್ಲಿ ರಕ್ತ ಕಂಡರೆ, ಮೈ ಇಳಿಯುತ್ತ ಹೋದರೆ, ಕ್ಯಾಲೆಂಡರ್ ತುಂಬುವ ತನಕ ಕಾಯಬೇಡಿ.

ಖಚಿತವಾದವರಿಗೆ ಮದ್ದು ಎಂದರೆ ಪಥ್ಯವೇ, ಅದೂ ಜೀವಮಾನದ್ದು. ಹೆದರಬೇಡಿ, ನಮ್ಮ ಅಡುಗೆ ಅದಕ್ಕೆಂದೇ ಮಾಡಿದಂತಿದೆ. ಗಂಜಿ, ನೀರುದೋಸೆ, ಕೊಟ್ಟಿಗೆ, ಒತ್ತುಶ್ಯಾವಿಗೆ, ರಾಗಿಮಣ್ಣಿ, ಹಲಸಿನ ಹಪ್ಪಳ ಎಲ್ಲ ಆದೀತು. ಎಚ್ಚರ ಬೇಕಾದದ್ದು ಅಡಗಿದ ಗೋಧಿಗೆ. ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟು ಸೇರಿಸಿರುವುದುಂಟು. ಹಾಲಿಗೆ ಹಾಕುವ ಮಾಲ್ಟಿನ ಹುಡಿಯಲ್ಲಿ ಬಾರ್ಲಿ ಇರುತ್ತದೆ. ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ಅಕ್ಕಿ ಬೀಸಿದರೆ ಅದಕ್ಕೂ ಗೋಧಿ ಸೇರುತ್ತದೆ. ಅಂಥವರ ಮನೆಗೆ ಅಕ್ಕಿಯನ್ನು ನೆನೆಸಿ ಮನೆಯಲ್ಲೇ ರುಬ್ಬುವುದು ಲೇಸು. ಚಪಾತಿಯ ಕಾವಲಿ ಬೇರೆ, ದೋಸೆಯ ಕಾವಲಿ ಬೇರೆ ಇರಲಿ.

ಕಾಯಿಲೆ ಇಲ್ಲದವರು ಮಾತ್ರ ಸುಮ್ಮನೆ ಗೋಧಿ ಬಿಡಬೇಕಾಗಿಲ್ಲ. ಇಂದಿನ ಮಾತಿನಲ್ಲಿ ಬೇರೆಲ್ಲ ಮರೆತರೂ ಒಂದನ್ನು ನೆನಪಿಡಿ: ಸಂಶಯ ಬಂದರೆ ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಬುಡ ಅಗೆದು ನೋಡುವ ಮೊದಲೇ ಮರ ಕಡಿಯಬೇಡಿ.